ಮಗಳು ಚಿತ್ರಕಲೆ ಓದ್ತೀನಿ ಅಂದರೆ?

"ಅಪ್ಪಾ, ನಾನು ಚಿತ್ರಕಲೆನೇ ಓದ್ತೀನಿ."

ಮಗಳು ಹೀಗಂದ ತಕ್ಷಣ ನೆಂಟರದ್ದು ಒಂದೇ ಪ್ರಶ್ನೆ: "ಮುಂದೆ ಹೊಟ್ಟೆಪಾಡಿಗೇನು?" ಉತ್ತರ ಗೊತ್ತಿಲ್ಲದ ಅಪ್ಪ-ಅಮ್ಮ ಒಂಟಿಯಾಗಿಬಿಡ್ತಾರೆ.

ಒಂಟಿಯಾಗಬೇಡಿ. ಡ್ರಾಯಿಂಗ್ ಮೇಷ್ಟ್ರನ್ನ ಕೇಳಿ, ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆಯೋ ಚಿತ್ರಸಂತೆಗೆ ಹೋಗಿ. ಇದೇ ದಾರಿಯಲ್ಲಿರೋ ನಾಲ್ಕು ಮನೆಯವರು ಸಿಕ್ಕರೆ ಒಂದು ವಾಟ್ಸಾಪ್ ಗ್ರೂಪ್ ಮಾಡಿ.

ಅದರಿಂದ ಏನು ಲಾಭ?

ಮೊದಲನೆಯದು, ಮಾಹಿತಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಬಿವಿಎ, ಅಂದರೆ ದೃಶ್ಯಕಲೆಯ ಪದವಿ ಇದೆ. ಡಿಸೈನ್ ಇಷ್ಟವಾದರೆ ಕೆಲವು ಐಐಟಿಗಳಿಗೆ ಯುಸೀಡ್, ಎನ್‌ಐಡಿಗೆ ಡ್ಯಾಟ್ ಪರೀಕ್ಷೆ. ಬಿವಿಎಗಾಗಲಿ, ಈ ಪರೀಕ್ಷೆ ಬರೆಯೋಕಾಗಲಿ ಪಿಯುಸಿಯಲ್ಲಿ ಸೈನ್ಸೇ ಆಗಬೇಕು ಅಂತಿಲ್ಲ. ಅರ್ಜಿ ಹಾಕೋ ಕೊನೆ ದಿನಾಂಕ ಒಬ್ಬರು ಮರೆತರೆ ಇನ್ನೊಬ್ಬರು ನೆನಪಿಸ್ತಾರೆ.

ಎರಡನೆಯದು, ಖರ್ಚು. ಒಳ್ಳೆ ಬಣ್ಣ, ಕಾಗದ, ಬ್ರಷ್ ದುಬಾರಿ. ಎಲ್ಲಿ ಕಡಿಮೆಗೆ ಸಿಗುತ್ತೆ ಅಂತ ಹಂಚಿಕೊಳ್ಳಿ. ಸೀನಿಯರ್ ಮಕ್ಕಳ ಈಸಲ್, ಪುಸ್ತಕ ಕೈ ಬದಲಾಗಲಿ.

ಮೂರನೆಯದು, ಧೈರ್ಯ. ವಾರವಿಡೀ ಮಗಳು ಪೆನ್ಸಿಲ್ ಮುಟ್ಟಿಲ್ಲ ಅಂತ ಆತಂಕವಾದಾಗ, ಅದನ್ನು ದಾಟಿ ಬಂದ ಇನ್ನೊಬ್ಬ ತಾಯಿಯ ಮಾತು ತುಂಬಾ ಸಮಾಧಾನ ಕೊಡುತ್ತೆ.

ಒಂದು ಎಚ್ಚರ: ಮಕ್ಕಳನ್ನ ಕೇಳದೆ ಅವರ ಚಿತ್ರ ಗ್ರೂಪಿಗೆ ಹಾಕಬೇಡಿ. ಅರ್ಧ ಮುಗಿದ ಚಿತ್ರ ಅವರ ಸ್ವಂತದ್ದು. ಯಾರ ಮಗು ಮುಂದೆ ಅನ್ನೋ ಹೋಲಿಕೆಯಂತೂ ಬೇಡವೇ ಬೇಡ.

ಪ್ರತಿಭೆ ಮಕ್ಕಳಲ್ಲಿ ಇದೆ. ಬೆನ್ನಿಗೆ ನಿಲ್ಲೋದು ನಮ್ಮ ಕೆಲಸ. ನಿಮ್ಮ ಹಾಗೇ ಯೋಚಿಸ್ತಿರೋ ಇನ್ನೊಬ್ಬ ಅಪ್ಪ ಅಥವಾ ಅಮ್ಮನಿಗೆ ಈ ವಿಡಿಯೊ ಕಳಿಸಿ, ಇವತ್ತೇ ಮಾತು ಶುರು ಮಾಡಿ.