ಬಂಗಲೆಯ ಗಡಿಯಲ್ಲಿ ಇಲಿ, ಇರುವೆ, ಸೊಳ್ಳೆ

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರ ಕನ್ನಡ ಮೇಷ್ಟ್ರ ಮೇಜಿನ ಮೇಲೆ ಬಂದು ಬೀಳುವ 'ನಾನು ಕೈಗೊಂಡ ಪ್ರವಾಸ' ಪ್ರಬಂಧಗಳನ್ನು ಒಮ್ಮೆ ಓದಿ ನೋಡಬೇಕು. ಬಸ್ಸು ಬೆಳಿಗ್ಗೆ ಆರಕ್ಕೆ ಹೊರಡುತ್ತದೆ. ಜಲಪಾತ ನಯನಮನೋಹರವಾಗಿರುತ್ತದೆ. ಸೂರ್ಯ ಕೆಂಪು ಚೆಂಡಿನಂತೆ ಮುಳುಗುತ್ತಾನೆ. ಎಲ್ಲರೂ ಸುಖವಾಗಿ ಮನೆ ಸೇರುತ್ತಾರೆ. ಮಡಿಕೇರಿಗೆ ಹೋದವನದೂ ಇದೇ, ಕಾರವಾರಕ್ಕೆ ಹೋದವಳದೂ ಇದೇ. ಮಕ್ಕಳನ್ನು ದೂರಿ ಫಲವಿಲ್ಲ. ಏನೇನು ನೋಡಬೇಕೆಂಬ ಪಟ್ಟಿಯನ್ನು ಹೊರಡುವ ಮೊದಲೇ ಅವರ ಕೈಗೆ ಕೊಟ್ಟವರು ನಾವೇ.

ಅದೇ ಕಾರವಾರದಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯ ವರ್ಷಗಳಲ್ಲಿ ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿಯೊಬ್ಬರು ಇದ್ದರು. ಹೆಸರು ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕೆನ್. ಸ್ಕಾಟ್ಲೆಂಡಿನ ಪಾದ್ರಿಯ ಮಗ. ಹುಟ್ಟಿದ್ದು 1851ರಲ್ಲಿ, ನಮ್ಮ ನೆರೆಯ ಸಾತಾರದಲ್ಲಿ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಕೆಲಕಾಲ ಲ್ಯಾಟಿನ್ ಕಲಿಸಿ, 1876ರಲ್ಲಿ ಇಲಾಖೆ ಸೇರಿದರು. ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 'ಈಹಾ' ಎಂಬ ಕಾವ್ಯನಾಮದಲ್ಲಿ ಬರೆದರು. ಸಂಸ್ಕೃತದಲ್ಲಿ ಈಹಾ ಎಂದರೆ ಬಯಕೆ. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ, ಹೆಸರಂತೂ ಒಪ್ಪುತ್ತದೆ.

ಅವರ ಮೊದಲ ಪುಸ್ತಕ 'ದಿ ಟ್ರೈಬ್ಸ್ ಆನ್ ಮೈ ಫ್ರಾಂಟಿಯರ್' ಬಂದದ್ದು 1883ರಲ್ಲಿ. 'ನನ್ನ ಗಡಿಯ ಬುಡಕಟ್ಟುಗಳು' ಎಂದರೆ ಅಂದಿನ ಓದುಗನಿಗೆ ಥಟ್ಟನೆ ನೆನಪಾಗುತ್ತಿದ್ದುದು ವಾಯವ್ಯ ಗಡಿಯ ಪಠಾಣರು. ಎರಡನೆಯ ಆಫ್ಘನ್ ಯುದ್ಧ ಮುಗಿದು ಮೂರೇ ವರ್ಷವಾಗಿತ್ತು. ಗಡಿ, ದಂಡಯಾತ್ರೆ, ಸಂಧಾನ ಎಂದು ಪತ್ರಿಕೆಗಳು ತುಂಬಿರುತ್ತಿದ್ದ ಕಾಲ. ಪುಸ್ತಕ ಬಿಚ್ಚಿದರೆ ಅಲ್ಲಿ ಪಠಾಣರಿಲ್ಲ! ಇಲಿ, ಸೊಳ್ಳೆ, ಹಲ್ಲಿ, ಇರುವೆ, ಕಾಗೆ, ಬಾವಲಿ, ಕಪ್ಪೆಗಳಿವೆ. ಸಾಹೇಬನ ಬಂಗಲೆಯೇ ಸಾಮ್ರಾಜ್ಯ, ಅದರ ಗೋಡೆಯೇ ಗಡಿ. ಅದನ್ನು ಹಗಲೂ ರಾತ್ರಿ ದಾಟಿ ಬರುವ ಇವುಗಳೇ ಬುಡಕಟ್ಟುಗಳು. ನಡೆಯುವ ಊರಿಗೆ ಲೇಖಕರಿಟ್ಟ ಹೆಸರು 'ಡಸ್ಟಿಪೋರ್', ಎಂದರೆ ಧೂಳೂರು. ಅದರ ಹಿಂದೆ ಇದ್ದದ್ದು ಅವರು ಕೆಲಸ ಮಾಡಿದ ಗುಜರಾತಿನ ಉಪ್ಪಿನ ಊರು ಖಾರಾಘೋಡಾ.

ಈ ಹಾಸ್ಯ ನಿಂತಿರುವುದು ನೋಟದ ಮೇಲೆ. ಅರ್ಧ ಖಂಡವನ್ನು ಆಳುತ್ತೇವೆ ಎಂದು ಬೀಗುವ ದೊರೆಗಳ ಪೈಕಿ ಒಬ್ಬಾತ ತನ್ನ ಮನೆಯ ಇಲಿಯನ್ನು ಆಳಲಾರ. ಕಾಗೆಯ ಮುಂದೆ ಸೋಲುತ್ತಾನೆ, ಇರುವೆಯ ಮುಂದೆ ಸೋಲುತ್ತಾನೆ. ಆದರೆ ಸೋಲಿನ ಕಥೆಯನ್ನು ಇಷ್ಟು ಚೆನ್ನಾಗಿ ಹೇಳಬೇಕಾದರೆ ಕಾಗೆಯನ್ನು ತಿಂಗಳುಗಟ್ಟಲೆ ನೋಡಿರಬೇಕು. ಅದೇ ಕಾಲದ ಎಷ್ಟೋ ಸಾಹೇಬರು ಹುಲಿ, ಆನೆಗಳ ಬೇಟೆಯ ಬಗ್ಗೆ ದಪ್ಪ ಪುಸ್ತಕ ಬರೆದರು. ಅವನ್ನು ಓದುವಾಗ ಮೀಸೆ ತಿರುವುವ ಸದ್ದು ಕೇಳಿಸುತ್ತದೆ. ಏಟ್ಕೆನ್ ಪುಟಗಳಲ್ಲಿ ಕೇಳಿಸುವುದು ಸೊಳ್ಳೆಯ ಸದ್ದು.

ಆ ವರ್ಷ ಸೆಪ್ಟೆಂಬರಿನಲ್ಲಿ ಎಂಟು ಜನ ಸೇರಿ ಮುಂಬಯಿಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದರು. ಅವರಲ್ಲಿ ಏಟ್ಕೆನ್ ಒಬ್ಬರು. ಕಾರವಾರ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೀಗಾಗಿ ವರ್ಗವಾಗಿ ಅಲ್ಲಿಗೆ ಬಂದ ಅವರಿಗೆ ಗೆಳೆಯರಾಗಿ ಸಿಕ್ಕವರು ಜೇಮ್ಸ್ ಡೇವಿಡ್ಸನ್ ಮತ್ತು ಅರಣ್ಯಾಧಿಕಾರಿ ಟಿ.ಆರ್. ಬೆಲ್. ಕಚೇರಿ ಕೆಲಸದ ನಡುವೆ ಮೂವರೂ ಕಂಬಳಿಹುಳುಗಳನ್ನು ಹಿಡಿದು ತಂದು, ಯಾವುದು ಯಾವ ಗಿಡದ ಎಲೆ ತಿನ್ನುತ್ತದೆಂದು ಗುರುತಿಸಿ, ಚಿಟ್ಟೆಯಾಗುವವರೆಗೂ ಸಾಕಿದರು. ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಅವರು ಸೊಸೈಟಿಯ ಪತ್ರಿಕೆಯಲ್ಲಿ ಬರೆದದ್ದು ಇಂದಿಗೂ ಬಲ್ಲವರು ತೆರೆದು ನೋಡುವ ಬರಹ. ಬೆಲ್ ಅಂತೂ ಊರಿಗೆ ಮರಳಲೇ ಇಲ್ಲ. 1948ರಲ್ಲಿ ತೀರಿಕೊಳ್ಳುವವರೆಗೂ ಕಾರವಾರದವರಾಗಿಯೇ ಉಳಿದರು.

ಈ ಅಲೆದಾಟದ ಫಲವೇ 1894ರ 'ಎ ನ್ಯಾಚುರಲಿಸ್ಟ್ ಆನ್ ದಿ ಪ್ರೌಲ್'. ಪ್ರವಾಸವೆಂದರೆ ಇಲ್ಲಿ ಬಂಗಲೆಯಿಂದ ಹಿಂದಿನ ಗುಡ್ಡಕ್ಕೆ, ಗುಡ್ಡದಿಂದ ಹೊಂಡಕ್ಕೆ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆ, ಮಲೆನಾಡಿನವರು ಚಗಳಿ ಎಂದು ಕರೆದು ಚಟ್ನಿ ಅರೆಯುವ ಇರುವೆ, ಅವರ ಮುಖ್ಯ ಪಾತ್ರಗಳಲ್ಲೊಂದು. ನನ್ನ ಮಟ್ಟಿಗೆ ಅವರ ಪುಸ್ತಕಗಳಲ್ಲಿ ಇದೇ ಒಳ್ಳೆಯದು.

ಆದರೆ ಇವೆರಡರ ನಡುವೆ, 1889ರಲ್ಲಿ, ಇನ್ನೊಂದು ಪುಸ್ತಕವಿದೆ: 'ಬಿಹೈಂಡ್ ದಿ ಬಂಗಲೋ'. ಬಂಗಲೆಯ ಹಿಂಬದಿಯಲ್ಲಿರುವ ಬಟ್ಲರ್, ಅಡುಗೆಯವ, ದೋಬಿ, ಆಯಾ, ಕುದುರೆ ನೋಡಿಕೊಳ್ಳುವವ, ಇವರೆಲ್ಲರ ಚಿತ್ರ. ಜೀವಿಗಳನ್ನು ನೋಡಿದ ಅದೇ ಕಣ್ಣು, ಅದೇ ಲೇಖನಿ. ಅಂದಿನ ಸಾಹೇಬರು ಇದನ್ನೂ ಮೆಚ್ಚಿ ನಕ್ಕರು. ನನಗೆ ನಗು ಬರುವುದಿಲ್ಲ. ಇರುವೆಯ ಅಧ್ಯಾಯದಲ್ಲಿ ಕೊನೆಗೆ ನಗೆಪಾಟಲಾಗುವವರು ಲೇಖಕರೇ. ದೋಬಿಯ ಅಧ್ಯಾಯದಲ್ಲಿ ನಗೆಪಾಟಲಾಗುವವನು ದೋಬಿ. ಅವನಿಗೆ ತಿರುಗಿ ಬರೆಯಲು ಇಂಗ್ಲಿಷೂ ಇಲ್ಲ, ಅಚ್ಚುಹಾಕುವವರೂ ಇಲ್ಲ. ಹಾಗೆಂದು ಪುಸ್ತಕವನ್ನು ಮುಚ್ಚಿಡಬೇಕಿಲ್ಲ. ಅಪ್ಪ ಅಮ್ಮ ಮಕ್ಕಳ ಜೊತೆ ಕೂತು ಓದಿದರೆ ಮಾತಾಡಲು ಬೇಕಾದಷ್ಟಿದೆ. ಮನೆಗೆಲಸದವರಿಗೆಂದೇ ಬೇರೆ ಲಿಫ್ಟ್ ಗೊತ್ತುಮಾಡಿರುವ ಅಪಾರ್ಟ್‌ಮೆಂಟುಗಳಿರುವ ಊರಿನಲ್ಲಿ 'ಬಂಗಲೆಯ ಹಿಂಬದಿ' ಎಂದರೇನೆಂದು ವಿವರಿಸುವುದು ಕಷ್ಟವಾಗಲಾರದು.

ನಗು ತಮ್ಮ ಕಡೆಗೂ ತಿರುಗಲಿ ಎಂದು ಬರೆದವರು ಕನ್ನಡದಲ್ಲೇ ಇದ್ದಾರೆ. ಬಿ.ಜಿ.ಎಲ್. ಸ್ವಾಮಿಯವರ 'ಹಸಿರು ಹೊನ್ನು' 1976ರಲ್ಲಿ ಬಂತು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ಸಸ್ಯಶಾಸ್ತ್ರದ ಮೇಷ್ಟ್ರು ಹುಡುಗರನ್ನು ಕಟ್ಟಿಕೊಂಡು ಘಟ್ಟದ ಕಾಡು ಸುತ್ತುವ ಕಥೆ, ಚಿತ್ರಗಳೂ ಅವರವೇ. ಗಿಡದ ಹೆಸರು, ಜಾತಿ, ಉಪಯೋಗ ಎಲ್ಲವೂ ತಮಾಷೆಯ ನಡುವೆ ಸದ್ದಿಲ್ಲದೆ ಒಳಗಿಳಿಯುತ್ತವೆ.

ಏಟ್ಕೆನ್ ಮೊದಲ ಪುಸ್ತಕ ಬರೆಯುತ್ತಿದ್ದ ಕಾಲಕ್ಕೇ ವೈಟ್‌ಫೀಲ್ಡ್ ಹುಟ್ಟಿತು, ಮೈಸೂರು ಮಹಾರಾಜರು ಆಂಗ್ಲೋ ಇಂಡಿಯನ್ನರಿಗೆ ಕೊಟ್ಟ ಜಮೀನಿನಲ್ಲಿ, ಬೇಸಾಯಗಾರರ ಹಳ್ಳಿಯಾಗಿ. ಆ ಹಳ್ಳಿಯನ್ನು ಇಂದು ಹುಡುಕಬೇಕು. ಬುಡಕಟ್ಟುಗಳು ಮಾತ್ರ ಹೋಗಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಹತ್ತನೇ ಮಹಡಿಯ ಬಾಲ್ಕನಿಗೆ ಬಲೆ ಕಟ್ಟಿಸಿದ ಮೇಲೂ ಪಾರಿವಾಳ ಎಲ್ಲಿಂದ ನುಗ್ಗಿತು? ಪೀಣ್ಯದ ಶೆಡ್ಡುಗಳ ಮೇಲೆ ಸುತ್ತುವ ಹದ್ದು ರೆಕ್ಕೆ ಬಡಿಯದೆ ಎಷ್ಟು ಹೊತ್ತು ತೇಲುತ್ತದೆ? ಟ್ಯೂಬ್‌ಲೈಟಿನ ಹಿಂದಿನ ಹಲ್ಲಿ ಪ್ರತಿ ಸಂಜೆ ಅದೇ ಜಾಗಕ್ಕೆ ಬರುತ್ತದೆಯೇ? ಒಂದು ವಾರ ನೋಡಿ ಬರೆದ ಒಂದು ಪುಟವನ್ನು ಮೇಷ್ಟ್ರು ಆಕಳಿಸದೆ ಓದಿಯಾರು.

ಏಟ್ಕೆನ್ ಅವರ ಗಡಿಯ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂದು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ತೋರಿಸಿದ್ದರು. 1902ರಲ್ಲಿ ಸರ್ಕಾರ ಏಟ್ಕೆನ್ ಅವರನ್ನು ಗೋವಾ ಗಡಿಯ ಸುಂಕದ ಕಟ್ಟೆಗಳಿಗೆ ಕಳಿಸಿತು. ಅಲ್ಲಿನ ಸಿಬ್ಬಂದಿ ಮಲೇರಿಯಾದಿಂದ ನರಳುತ್ತಿದ್ದರು. ಈ ಸಲ ಗಡಿಯೂ ನಿಜ, ಶತ್ರುವೂ ನಿಜ. ಹುಡುಕಾಟದಲ್ಲಿ ವಿಜ್ಞಾನಕ್ಕೆ ಹೊಸದಾದ ಒಂದು ಅನಾಫಿಲಿಸ್ ಸೊಳ್ಳೆ ಸಿಕ್ಕಿತು. ಇಪ್ಪತ್ತು ವರ್ಷಗಳ ಹಿಂದೆ ತಮ್ಮ ಬಂಗಲೆಯ ಸೊಳ್ಳೆಗಳನ್ನು ಗೇಲಿ ಮಾಡಿದ್ದವರ ಹೆಸರನ್ನೇ ಅದಕ್ಕೆ ಇಟ್ಟರು: ಅನಾಫಿಲಿಸ್ ಏಟ್ಕೆನೈ.