ಕಾನ್ಹೇರಿಯ ಕಲ್ಲಿನಲ್ಲಿ ಮಳಖೇಡದ ದೊರೆ

ವಿಕ್ರೋಳಿ ಪಾರ್ಕ್‌ಸೈಟ್‌ನ ನಮ್ಮ ಚಾಳು ರಿಡೆವಲಪ್‌ಮೆಂಟ್‌ಗೆ ಹೋಗುತ್ತಿದೆ. ಕಳೆದ ತಿಂಗಳು ನಮ್ಮ ಪುಟ್ಟ ಕನ್ನಡ ಮಂಡಳಿಯ ಸಭೆಯಲ್ಲಿ, ಎರಡು ಕಪಾಟು ತುಂಬ ಇರುವ ಪುಸ್ತಕಗಳನ್ನು ಏನು ಮಾಡುವುದೆಂಬ ಪ್ರಶ್ನೆ ಬಂತು. "ಓದುವವರು ಯಾರಿದ್ದಾರೆ ಮಾರಾಯ್ರೆ? ರದ್ದಿಗೆ ಹಾಕಿ" ಎಂದರು ಹಿರಿಯರೊಬ್ಬರು. ನಾನೂ ಸುಮ್ಮನಿದ್ದೆ.

ಮರುವಾರ, ಊರಿನಿಂದ ಬಂದಿದ್ದ ಅಣ್ಣನ ಮಗನಿಗೆ ಕಾನ್ಹೇರಿ ಗುಹೆಗಳನ್ನು ತೋರಿಸಲು ಹೋದೆ. ಪೊವಾಯಿ ದಾಟಿ ಬೊರಿವಿಲಿಗೆ ಹೋದರೆ, ರಾಷ್ಟ್ರೀಯ ಉದ್ಯಾನದ ಗೇಟಿನಿಂದ ಸುಮಾರು ಆರು ಕಿಲೋಮೀಟರ್ ಒಳಗೆ, ಕಾಡಿನ ನಡುವೆ ಇದೆ ಈ ಪಾಳುಬಿದ್ದ ಬೌದ್ಧ ವಿಹಾರ. ಕರಿಕಲ್ಲಿನ ಗುಡ್ಡದಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳು. ಭಿಕ್ಷುಗಳು ಮಲಗುತ್ತಿದ್ದ ಕಲ್ಲಿನ ಜಗಲಿಗಳು, ಮಳೆನೀರು ಹಿಡಿದಿಡುವ ತೊಟ್ಟಿಗಳು ಇಂದಿಗೂ ಉಳಿದಿವೆ. ಶಾತವಾಹನರ ಕಾಲದಿಂದ ಸುಮಾರು ಸಾವಿರ ವರ್ಷ ಇಲ್ಲಿ ಜನವಿದ್ದರು. ಹಳೆಯ ಹೆಸರು ಕೃಷ್ಣಗಿರಿ.

ನಾವು ಕನ್ನಡಿಗರು ನಿಂತು ನೋಡಬೇಕಾದದ್ದು ಇಲ್ಲಿನ ಒಂಬತ್ತನೆಯ ಶತಮಾನದ ಶಾಸನಗಳನ್ನು. ಭಾಷೆ ಸಂಸ್ಕೃತ. ಆದರೆ ಅವುಗಳಲ್ಲಿರುವ ಚಕ್ರವರ್ತಿಯ ಹೆಸರು ಅಮೋಘವರ್ಷ! 'ಕವಿರಾಜಮಾರ್ಗ' ಹುಟ್ಟಿದ್ದು ಇದೇ ರಾಷ್ಟ್ರಕೂಟ ದೊರೆಯ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವನ ಸಾಮಂತರಾಗಿ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರರು. 843ರಲ್ಲಿ ಶಿಲಾಹಾರ ಪುಲ್ಲಶಕ್ತಿಯ ಹಿರಿಯ ಅಮಾತ್ಯನೊಬ್ಬ ಈ ವಿಹಾರಕ್ಕೆ ದತ್ತಿ ಬಿಟ್ಟ. ಮುಂದೆ ಕಪರ್ದಿಯ ಕಾಲದಲ್ಲಿ, ದೂರದ ಗೌಡದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಅವಿಘ್ನಾಕರನೆಂಬವನು ನೂರು ದ್ರಮ್ಮಗಳನ್ನು ಇಟ್ಟ. ಅದರ ಬಡ್ಡಿಯಲ್ಲಿ ಭಿಕ್ಷುಗಳಿಗೆ ಬಟ್ಟೆ ಕೊಡಬೇಕು. ವಿಹಾರ ಬರಿದಾಗುತ್ತಿದ್ದ ಕಾಲದಲ್ಲಿ, 1009ರಲ್ಲಿ, ನೋಡಲು ಬಂದ ಪಾರ್ಸಿಗಳೂ ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರು ಕೆತ್ತಿಸಿ ಹೋದರು.

"ಹಾಗಾದರೆ ಆಗಲೂ ಇಲ್ಲಿ ಹೊರಗಿನವರೇ ಬರುತ್ತಿದ್ದರಾ ಚಿಕ್ಕಪ್ಪ?" ಎಂದ ಹುಡುಗ. ಹೌದು, ಮುಂಬಯಿಯ ರೂಢಿ ಹಳೆಯದು.

ನನ್ನನ್ನು ಕಾಡಿದ್ದು ಬೇರೆಯೇ. ಆ ಅಮಾತ್ಯ ದತ್ತಿಯನ್ನು ಪಾಲು ಮಾಡುವಾಗ ಪೂಜೆಗೆ, ದುರಸ್ತಿಗೆ, ಬಟ್ಟೆಗೆ ಇಟ್ಟದ್ದಲ್ಲದೆ ಪುಸ್ತಕಗಳಿಗೂ ಒಂದಿಷ್ಟು ಇಟ್ಟಿದ್ದ. ಆ ಪುಸ್ತಕಗಳು ಇಂದು ಇಲ್ಲ, ಓದಿದವರೂ ಇಲ್ಲ. ಕೊಟ್ಟವನ ಮನಸ್ಸು ಮಾತ್ರ ಕಲ್ಲಿನಲ್ಲಿ ಉಳಿದಿದೆ.

ಮುಂದಿನ ಸಭೆಯಲ್ಲಿ ನಾನು ಸುಮ್ಮನಿರಲಿಲ್ಲ. ನಮ್ಮ ಪುಸ್ತಕಗಳು ಈಗ ನಾಲ್ಕು ಮನೆಗಳಲ್ಲಿ ಅಟ್ಟದ ಮೇಲಿವೆ. ಹೊಸ ಕಟ್ಟಡದಲ್ಲಿ ಒಂದು ಗೋಡೆಯಷ್ಟು ಜಾಗ ಕೇಳಿದ್ದೇವೆ. ರದ್ದಿಯ ಮಾತೆತ್ತಿದ ಹಿರಿಯರ ಮನೆಯಲ್ಲೇ ಮೂರು ಗೋಣಿ ಇವೆ.

ನೀವೂ ಒಮ್ಮೆ ಕಾನ್ಹೇರಿಗೆ ಹೋಗಿ ಬನ್ನಿ. ಸೋಮವಾರ ರಜೆ.