ಸ್ಟೀಮ್ ಪದೇ ಪದೇ ಕ್ರ್ಯಾಶ್ ಆಗುತ್ತಿದೆಯೇ? ಅನ್‌ಇನ್‌ಸ್ಟಾಲ್ ಮಾಡುವ ಮುನ್ನ ಇದನ್ನು ಓದಿ

ಗೇಮ್ ಆಡೋಣವೆಂದು ಕುಳಿತರೆ ಸ್ಟೀಮ್ ತೆರೆದ ಹತ್ತೇ ಸೆಕೆಂಡಿನಲ್ಲಿ ಮಾಯ. ಮತ್ತೆ ತೆರೆದರೆ ಮತ್ತೆ ಮಾಯ. ಆಗ ಗೆಳೆಯರಿಂದ ಬರುವ ಮೊದಲ ಸಲಹೆ: 'ಅನ್‌ಇನ್‌ಸ್ಟಾಲ್ ಮಾಡಿ ಹೊಸದಾಗಿ ಹಾಕು'.

ಈ ಸಲಹೆ ದುಬಾರಿಯಾಗಬಹುದು. ವಿಂಡೋಸ್ ಮೂಲಕ ಸ್ಟೀಮ್ ತೆಗೆದರೆ ಅದರ ಫೋಲ್ಡರಿನಲ್ಲಿರುವ ಗೇಮ್‌ಗಳೂ ಅಳಿಸಿಹೋಗುತ್ತವೆ. ನೂರು ಜಿಬಿಯ ಗೇಮನ್ನು ಮತ್ತೆ ಇಳಿಸಿಕೊಳ್ಳಬಹುದು. ಕ್ಲೌಡ್‌ನಲ್ಲಿ ಉಳಿಯದ ಹಳೆಯ ಆಟದ ಪ್ರಗತಿ ಮಾತ್ರ ಹೋದರೆ ಹೋದಂತೆಯೇ.

ಹೀಗೇಕೆ ಆಗುತ್ತದೆ?

ಸ್ಟೀಮ್‌ನ ಅಂಗಡಿ, ಲೈಬ್ರರಿ ಪುಟಗಳನ್ನೆಲ್ಲ ತೋರಿಸುವುದು ಅದರೊಳಗಿರುವ ಒಂದು ಬ್ರೌಸರ್. ಕ್ರೋಮ್‌ಗೆ ಆಧಾರವಾಗಿರುವ ಕ್ರೋಮಿಯಂನಿಂದಲೇ ಇದನ್ನೂ ರೂಪಿಸಲಾಗಿದೆ. ಪುಟಗಳನ್ನು ಬೇಗ ಮೂಡಿಸಲು ಅದು ಗ್ರಾಫಿಕ್ಸ್ ಕಾರ್ಡಿನ ನೆರವು ಪಡೆಯುತ್ತದೆ. ಗ್ರಾಫಿಕ್ಸ್ ಡ್ರೈವರ್ ಸರಿಯಿಲ್ಲದಿದ್ದರೆ, ಉಳಿಸಿಟ್ಟ ಕಡತಗಳು ಕೆಟ್ಟಿದ್ದರೆ ಈ ಬ್ರೌಸರ್ ಮುಗ್ಗರಿಸುತ್ತದೆ.

ವಿಂಡೋಸ್ ಹಳೆಯದಾಗಿರುವುದೂ ಕಾರಣವಿರಬಹುದು. 2024ರ ಜನವರಿ 1ರಿಂದ ವಿಂಡೋಸ್ 7, 8 ಮತ್ತು 8.1ಕ್ಕೆ ಸ್ಟೀಮ್‌ನ ಬೆಂಬಲವಿಲ್ಲ.

ಏನು ಮಾಡಬೇಕು?

1. ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ ಹಿಸ್ಟರಿ' ಹುಡುಕಿ. ಯಾವ ದಿನ ಏನು ಕ್ರ್ಯಾಶ್ ಆಯಿತು, ಅದಕ್ಕೆ ಮೊದಲು ಏನನ್ನು ಇನ್‌ಸ್ಟಾಲ್ ಮಾಡಿದ್ದಿರಿ ಎನ್ನುವುದು ಅಲ್ಲಿ ಕಾಣುತ್ತದೆ.

2. ಗ್ರಾಫಿಕ್ಸ್ ಡ್ರೈವರನ್ನು ತಯಾರಕರ ಜಾಲತಾಣದಿಂದಲೇ ಪಡೆದು ಅಪ್‌ಡೇಟ್ ಮಾಡಿ.

3. ಸ್ವಲ್ಪ ಹೊತ್ತಾದರೂ ಸ್ಟೀಮ್ ತೆರೆದಿರುತ್ತದೆಯೇ? ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ ಕ್ಯಾಶೆ ಅಳಿಸಿ. ಗೇಮ್‌ಗಳಿಗೆ ತೊಂದರೆಯಿಲ್ಲ, ಮತ್ತೆ ಲಾಗಿನ್ ಆಗಬೇಕು ಅಷ್ಟೆ. ಇಂಟರ್‌ಫೇಸ್ ವಿಭಾಗದಲ್ಲಿ ವೆಬ್ ಪುಟಗಳ ಜಿಪಿಯು ಆಕ್ಸಿಲರೇಶನ್ ಆಯ್ಕೆಯನ್ನೂ ಆಫ್ ಮಾಡಿ ನೋಡಿ.

4. ತೆರೆಯುವುದೇ ಇಲ್ಲವೇ? ಸ್ಟೀಮ್ ಫೋಲ್ಡರಿನಲ್ಲಿ 'ಸ್ಟೀಮ್‌ಆಪ್ಸ್', 'ಯೂಸರ್‌ಡೇಟಾ' ಫೋಲ್ಡರುಗಳನ್ನೂ ಸ್ಟೀಮ್‌ನ ಎಕ್ಸಿ ಕಡತವನ್ನೂ ಉಳಿಸಿಕೊಂಡು ಮಿಕ್ಕಿದ್ದನ್ನು ಅಳಿಸಿ. ಎಕ್ಸಿಯನ್ನು ತೆರೆದರೆ ಬೇಕಾದ ಕಡತಗಳನ್ನು ಸ್ಟೀಮ್ ತಾನೇ ತರಿಸಿಕೊಳ್ಳುತ್ತದೆ, ಗೇಮ್‌ಗಳು ಇದ್ದಲ್ಲೇ ಇರುತ್ತವೆ.

ತಪ್ಪು ಸ್ಟೀಮ್‌ನದ್ದೇ?

ಬೇರೆ ತಂತ್ರಾಂಶಗಳೂ ಮುಚ್ಚಿಹೋಗುತ್ತಿದ್ದರೆ ಯಂತ್ರಾಂಶದತ್ತ ನೋಡಬೇಕು. ಓವರ್‌ಕ್ಲಾಕ್ ಮಾಡಿದ್ದರೆ ಮೊದಲಿನ ಸ್ಥಿತಿಗೆ ತನ್ನಿ, ವಿಂಡೋಸ್‌ನಲ್ಲೇ ಇರುವ ಮೆಮರಿ ಡಯಾಗ್ನಾಸ್ಟಿಕ್ ಬಳಸಿ ರ‍್ಯಾಮ್ ಪರೀಕ್ಷಿಸಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರಾಸೆಸರುಗಳು ಅತಿಯಾದ ವೋಲ್ಟೇಜಿನಿಂದ ಹದಗೆಡುತ್ತಿದ್ದದ್ದು 2024ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಅದನ್ನು ತಡೆಯಲು ಬಯಾಸ್ ಅಪ್‌ಡೇಟ್ ಬಂತು. ಆದರೆ ಆಗಲೇ ಕೆಟ್ಟಿರುವ ಪ್ರಾಸೆಸರ್ ಅದರಿಂದ ಸರಿಹೋಗದು, ಬದಲಿಸಲೇಬೇಕು. ಅಂತಹವುಗಳ ವಾರಂಟಿಯನ್ನು ಇಂಟೆಲ್ ಎರಡು ವರ್ಷ ವಿಸ್ತರಿಸಿದೆ.

ಇದನ್ನು ಮಾತ್ರ ಮಾಡಬೇಡಿ

'ಆಂಟಿವೈರಸ್ ಆಫ್ ಮಾಡಿ ಈ ಫಿಕ್ಸರ್ ಓಡಿಸಿ', 'ಕಾಣೆಯಾದ ಡಿಎಲ್ಎಲ್ ಇಲ್ಲಿದೆ' ಎನ್ನುವ ವೀಡಿಯೋ, ತಾಣಗಳನ್ನು ನಂಬಬೇಡಿ. ಪಾಸ್‌ವರ್ಡ್ ಕದಿಯುವ ಕುತಂತ್ರಾಂಶಗಳು ಹರಡುವುದು ಇಂತಹ ದಾರಿಗಳಲ್ಲೇ. ಕ್ರ್ಯಾಶ್ ಆದ ಸ್ಟೀಮನ್ನು ಒಂದು ಗಂಟೆಯಲ್ಲಿ ಸರಿಪಡಿಸಬಹುದು, ಕಳುವಾದ ಖಾತೆಯನ್ನು ಮರಳಿ ಪಡೆಯುವುದು ಅಷ್ಟು ಸುಲಭವಲ್ಲ!